ಮಣೆಯ ಮೇಲೆ ನಿಂತು ಬಡಿದ ರೊಟ್ಟಿ

ಇವತ್ತು ನಾನು ನಿಂತುಕೊಂಡು ರೊಟ್ಟಿ ಬಡಿದೆ! ಹರಿಯಲಿಲ್ಲ, ಅಂಚು ಸೀಳಲಿಲ್ಲ, ಹಂಚಿನ ಮೇಲೆ ಪೂರಿಯ ಹಾಗೆ ಉಬ್ಬಿತು. ಅಲ್ಲೇ ಕುಣಿದುಬಿಡೋಣ ಅನ್ನಿಸಿತ್ತು, ಡಾಕ್ಟರು ಬೈದಾರೆಂದು ಸುಮ್ಮನಾದೆ.

ರೊಟ್ಟಿ ಬಡಿದದ್ದಕ್ಕೆ ಇಷ್ಟೊಂದು ಸಂಭ್ರಮವೇ ಅಂತೀರಿ. ಹೇಳುತ್ತೇನೆ ಕೇಳಿ. ನಾನು ಶಾಲೆಗೆ ಹೋದದ್ದು ಕಡಿಮೆ. ಮುಗದ ಎಂಬ ಹಳ್ಳಿಯ ತವರುಮನೆಯಲ್ಲಿ ಅವ್ವನ ಪಕ್ಕ ಕುಳಿತು ಕಲಿತದ್ದು ಇದೊಂದೇ ವಿದ್ಯೆ. ನೆಲದ ಮೇಲೆ ಒಂದು ಕಾಲು ಮಡಚಿ, ಇನ್ನೊಂದು ಚಾಚಿ ಕುಳಿತರೆ ಹಿಟ್ಟು ನನ್ನ ಮಾತು ಕೇಳುತ್ತದೆ. ಗೋಪನಕೊಪ್ಪದಲ್ಲಿ ಈ ಮನೆ ಕಟ್ಟಿಸಿದಾಗ ಮಗ ಅಡುಗೆಗೆ ಎತ್ತರದ ಕಟ್ಟೆ ಮಾಡಿಸಿದ. ಉದ್ದನೆಯ ಸೊಸೆಗೆ ಅದು ಸರಿಯಾಯಿತು. ನಾನು ಮಾತ್ರ ಸಣ್ಣ ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿಕೊಂಡು ಕುಳಿತೆ.

ಆಮೇಲೆ ಸಂಧಿವಾತ ಬಲಗಾಲಿಗೆ ಗಂಟುಬಿತ್ತು. ಕುಳಿತರೆ ಏಳಿಸಲು ಇಬ್ಬರು ಬೇಕು. ಮೊಣಕಾಲಿನ ಕೀಲು ಸವೆದುಹೋಗಿದೆ, ಬದಲಾಯಿಸಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ನಾನು ಹೆದರಲಿಲ್ಲ. ಹೆದರಿದ್ದು ಅವರ ಕೊನೆಯ ಮಾತಿಗೆ.

"ಒಂದ್ ಮಾತು ಹೇಳ್ತೀನ್ರಿ ಅಮ್ಮಾರ. ಇನ್ನ ಮುಂದ ನೆಲದ ಮ್ಯಾಲೆ ಕುಂಡ್ರಂಗಿಲ್ಲ."

"ಮತ್ತ ರೊಟ್ಟಿ ಹ್ಯಾಂಗ್ರಿ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ರೊಟ್ಟಿ ಬಿಟ್ಟರೆ ಈ ಮನೆಯಲ್ಲಿ ನನಗೇನು ಕೆಲಸ? ಅದೇ ಚಿಂತೆಯಲ್ಲಿ ಬೇಡ ಬೇಡವೆಂದು ದಿನ ದೂಡಿದೆ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾದಾಗ ಒಪ್ಪಿಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ನಮ್ಮ ಯಜಮಾನರು, ನೋವಾಗದಿರಲಿ ಎಂದು, ಹೊದೆಯುವ ಕೌದಿ ಮಡಚಿ ಮೊಣಕಾಲಿನ ಕೆಳಗೆ ಇಟ್ಟರು. ಆಹಾ, ಎಂಥ ಸುಖ! ವ್ಯಾಯಾಮ ಮಾಡಿಸಲು ಬಂದ ಹುಡುಗಿ ನೋಡಿದವಳೇ ಅದನ್ನು ಎಳೆದು ತೆಗೆದಳು.

"ಅಜ್ಜಾರ, ಕಾಲು ಹೀಂಗ ಮಡಚಿಕೊಂಡೇ ಇದ್ರ ನೆಟ್ಟಗ ಆಗಂಗಿಲ್ರಿ. ಅಮ್ಮಾರು ನಡೀಬೇಕೋ ಬ್ಯಾಡೋ?"

"ನಡದ್ರ ನನ್ನ ಬೆನ್ನ ಹತ್ತಿ ಬೈತಾಳವಾ," ಎಂದರು ಇವರು. "ಆದ್ರೂ ನಡೀಲಿ."

ನಡೆದೆ. ಮೊದಲು ವಾಕರ್, ಆಮೇಲೆ ಕೋಲು, ಆಮೇಲೆ ಬರಿಗೈ. ಆದರೆ ಕಟ್ಟೆಯ ಮುಂದೆ ನಿಂತರೆ ಒಂದು ರೊಟ್ಟಿಯೂ ಆಗದು. ಕಟ್ಟೆ ನನ್ನ ಹೊಕ್ಕುಳಿಗಿಂತ ಮೇಲೆ ಬರುತ್ತಿತ್ತು, ಅಂಗೈಯ ಭಾರ ಹಿಟ್ಟಿನ ಮೇಲೆ ಬೀಳುತ್ತಲೇ ಇರಲಿಲ್ಲ. ನಿನ್ನೆ ಹರಿದ ರೊಟ್ಟಿ ನೋಡುತ್ತ ಕಣ್ಣಲ್ಲಿ ನೀರು ಬಂತು.

"ಬಿಡ್ರಿ ಅತ್ತಿ, ಅಂಗಡ್ಯಾಗಿಂದ ತರಸೋಣು," ಎಂದಳು ಸೊಸೆ. ಪ್ರೀತಿಯಿಂದಲೇ ಅಂದಳು. ನನಗೆ ಮಾತ್ರ ಚುಚ್ಚಿತು.

ಇವತ್ತು ಮಧ್ಯಾಹ್ನ ನೋಡುತ್ತೇನೆ, ಇವರು, ಹಿಂದೆ ಊಟಕ್ಕೆ ಕೂರುತ್ತಿದ್ದ ದಪ್ಪ ಕಾಲಿನ ಹಳೆಯ ಅಗಲ ಮಣೆಯನ್ನು ತಂದು ಕಟ್ಟೆಯ ಮುಂದೆ ಹಾಕಿದ್ದಾರೆ. ಅಲುಗಾಡದ ಹಾಗೆ ಕೆಳಗೊಂದು ರಬ್ಬರ್ ಚಾಪೆ.

"ಅಯ್ಯ, ಕುಂಡ್ರೋ ಮಣಿ ಮ್ಯಾಲೆ ನಿಂದ್ರೂದೇನ್ರಿ?"

"ಯಾಕ, ಲಗ್ನದಾಗ ಅಕ್ಕಿಕಾಳು ಬೀಳುವಾಗ ಮಣಿ ಮ್ಯಾಲೆ ನಿಂತಿದ್ದಿಲ್ಲೇನ? ಹತ್ತು, ಹತ್ತು."

ಕಾಲೇಜಿನಿಂದ ಬಂದ ಮೊಮ್ಮಗಳು ಕೈ ಹಿಡಿದಳು. ಎಡಗಾಲು ಮೊದಲಿಟ್ಟು ಹತ್ತಿದೆ. ಕಟ್ಟೆ ಸೊಂಟದ ಮಟ್ಟಕ್ಕೆ ಬಂತು! ಹಿಟ್ಟು ನಾದಿದೆ, ಉಂಡೆ ಮಾಡಿದೆ, ಬಡಿದೆ. ಭುಜದ ಶಕ್ತಿಯೆಲ್ಲ ಅಂಗೈಗೆ ಇಳಿಯಿತು. ಸಪ್ಪಳ ಕೇಳಿ ಸೊಸೆ ಹೊರಗಿನಿಂದ ಓಡಿಬಂದಳು.

"ಅತ್ತೀ! ಎಷ್ಟು ದುಂಡಗ ಬಂದೈತ್ರಿ!"

"ಲಗ್ನದ ಮಣಿ ಮ್ಯಾಲೆ ಮಾರಿ ಗಂಟ ಹಾಕ್ಕೊಂಡು ನಿಂತಿದ್ಲು," ಎಂದರು ಇವರು. "ಇವತ್ತ ನೋಡ್ರಿ ಈಕಿ ನಗಿ!"

ಸಂಜೆ ಮಗ ಕೆಲಸದಿಂದ ಬರುವಷ್ಟರಲ್ಲಿ ಬುಟ್ಟಿ ತುಂಬಿತ್ತು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೊದಲೆಲ್ಲ ಎಲ್ಲರಿಗೂ ಬಿಸಿ ರೊಟ್ಟಿ ಹಾಕಿ ನಾನು ಕೊನೆಗೆ ಉಣ್ಣುತ್ತಿದ್ದೆ. ಇವತ್ತು ಮಗ ಬಿಡಲಿಲ್ಲ. "ಅವ್ವಾ, ನೀನೂ ಕುಂಡ್ರು," ಎಂದು ನನಗಾಗಿ ಕುರ್ಚಿ ಎಳೆದ. ಐದೂ ಜನ ಒಂದೇ ಮೇಜಿಗೆ ಕುಳಿತೆವು. ಕೊನೆಯ ರೊಟ್ಟಿಗೆ ಮಗ, ಮೊಮ್ಮಗಳು ಜಗಳಕ್ಕೆ ಬಿದ್ದರು. ಅಷ್ಟರಲ್ಲಿ ಇವರು ಅದನ್ನು ಮುರಿದು, ಅರ್ಧ ನನ್ನ ತಟ್ಟೆಗೆ ಹಾಕಿ, ಉಳಿದರ್ಧ ತಾವೇ ತಿನ್ನತೊಡಗಿದರು.