ಕೊರಳಿಗೆ ಬಿದ್ದ ರಿಬ್ಬನ್

ಅಮೆರಿಕದಂತೆ ಜರ್ಮನಿಯೂ ಸಾಫ್ಟ್‌ವೇರ್‌ನವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ಅಲ್ಲಿನ ಬೊಬ್ಲಿಂಗೆನ್ ಊರಿನ ನಮ್ಮ ಆಫೀಸಿನ ವಾರ್ಷಿಕ ಪಾರ್ಟಿಯಲ್ಲಿ ಟೆಸ್ಟಿಂಗ್ ಟೀಮಿನ ಚೀನೀ ಹುಡುಗಿ ಲಿನ್ ರೇಷ್ಮೆ ರಿಬ್ಬನ್ ಹಿಡಿದು ಕುಣಿಯುತ್ತಿದ್ದಳು. ಎರಡು ಮಾರು ಉದ್ದದ ಕೆಂಪು ರೇಷ್ಮೆ ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ಹರಿದು, ಮುಂದಿನ ಸಾಲಲ್ಲಿದ್ದ ನನ್ನ ಕಡೆಗೇ ಹಾರಿ ಬಂತು. ಊರಿನ ಸಭೆ ಸಮಾರಂಭಗಳಲ್ಲೇ ಬೆಳೆದವನಿಗೆ ಹೊಳೆದದ್ದು ಒಂದೇ: ಶಾಲು! ಎದ್ದು, ಕೈಮುಗಿದು, ಕತ್ತು ಬಗ್ಗಿಸಿಬಿಟ್ಟೆ. ರಿಬ್ಬನ್ ಸರಿಯಾಗಿ ಕೊರಳಿಗೇ ಸುತ್ತಿಕೊಂಡಿತು.

"ಲೋ ಗುರು, ಸನ್ಮಾನ ಅಲ್ಲ ಕಣೋ, ಡ್ಯಾನ್ಸು! ಕೂತ್ಕೊಳೋ!" ಅಂತ ಹಿಂದಿನಿಂದ ಗೆಳೆಯ ಸತೀಶ ಪಿಸುಗುಟ್ಟಿದ.

ಕೂರುವುದು ಹೇಗೆ? ಆ ತುದಿ ಲಿನ್ ಕೈಯಲ್ಲಿ, ಈ ತುದಿ ನನ್ನ ಕೊರಳಲ್ಲಿ. ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಜರ್ಮನ್ ಬಾಸ್, ಇದೇ ಪದ್ಧತಿ ಇರಬೇಕೆಂದುಕೊಂಡು, ಗಂಭೀರವಾಗಿ ಎದ್ದು ತಲೆ ಬಗ್ಗಿಸಿದರು. ಅವರನ್ನು ನೋಡಿ ಇಡೀ ಸಾಲೇ ಎದ್ದು ಬಗ್ಗಿತು! ಲಿನ್ ನಗು ತಡೆಯಲಾರದೆ, ಕುಣಿಯುತ್ತಲೇ ಬಂದು ಒಬ್ಬೊಬ್ಬರ ಕೊರಳಿಗೂ ರಿಬ್ಬನ್ ಹಾಕಿ ಹಾಕಿ ತೆಗೆದಳು. ಚಪ್ಪಾಳೆಯೋ ಚಪ್ಪಾಳೆ.

ಮರುವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಬಾಸ್ ಸ್ವತಃ ಸೇರಿಸಿದ್ದರು: "ಚೀನೀ ಸಂಪ್ರದಾಯದಂತೆ ಅತಿಥಿಗಳಿಗೆ ರಿಬ್ಬನ್ ಹಾಕುವುದು, ಏಳು ನಿಮಿಷ."

ಲಿನ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಮೈಸೂರು ಪೇಟ, ಹಣ್ಣಿನ ಬುಟ್ಟಿಯೂ ಚೀನೀ ಸಂಪ್ರದಾಯವೇ ಅಂತ ಆಗಲೇ ಹೇಳಿಬಿಡಬೇಕಿತ್ತು.