ಹದಿನೇಳು ಬಾರಿ ಖಾಲಿ ಮೇಜು

೨೦೦೫ನೆಯ ಇಸವಿ ಮಾರ್ಚ್ ೧೨, ಶನಿವಾರ. ಬೇಸಿಗೆ ಕಾಲಿಟ್ಟು ಎರಡು ವಾರವಾಗಿತ್ತು. ಮೋಡದ ಸುಳಿವಿಲ್ಲದ ಆಕಾಶ, ಬೆಳಗಿನಿಂದಲೇ ಧೂಳೆಬ್ಬಿಸುವ ಒಣಗಾಳಿ. ಗಾಳಿಯ ವಿಷಯವನ್ನು ಸುಮ್ಮನೆ ಬರೆಯುತ್ತಿಲ್ಲ. ಆ ಧೂಳಿಗೆ ಹೆದರಿಯೇ ನನ್ನ ಭಾವಮೈದುನ ಅಂಗಡಿಯ ಬಾಗಿಲು, ಕಿಟಕಿಗಳನ್ನು ಮುಚ್ಚಿ, ಎರಡು ದೀಪ ಹಚ್ಚಿ, ಒಂಬತ್ತೂ ನಲವತ್ತಕ್ಕೆ ನನ್ನ ಮಗಳ ಬ್ರೈಲ್ ಯಂತ್ರವನ್ನು ಬಿಚ್ಚಲು ಕುಳಿತನು.

ಅವನು ಟೈಪ್‌ರೈಟರ್ ರಿಪೇರಿಯವನು. ಬೆರಳ ಸಂದುಗಳಲ್ಲಿ ಸದಾ ಮಸಿಯಿರುತ್ತಿದ್ದುದರಿಂದ ಮನೆಯವರ ಪಾಲಿಗೆ ಅವನು ‘ರಿಬ್ಬನ್’, ಟೈಪ್‌ರೈಟರಿನ ಮಸಿಪಟ್ಟಿ. ಟೈಪ್‌ರೈಟರ್ ಯಾವುದೇ ಇರಲಿ, ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವನಾಗಿದ್ದನು. ಗೊತ್ತಿಲ್ಲದ ಯಂತ್ರ ಬಂದರೆ ಮಾತ್ರ, ಬಿಚ್ಚುವಾಗ ಪ್ರತಿ ಹಂತವನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟುಕೊಳ್ಳುತ್ತಿದ್ದನು. ೨೦೦೩ರ ಆಗಸ್ಟ್ ೯ರಂದು ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ವಿಡಿಯೊ ಕ್ಯಾಮೆರಾ ಕೊಂಡ ಮೇಲೆ ನೋಟ್‌ಬುಕ್ಕನ್ನು ಕೈಬಿಟ್ಟನು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒಂದು ಭಾಗ ಕಳಚುವ ಮುನ್ನ ಗುಂಡಿ ಒತ್ತುವುದು. ಕಳಚಿದ ಮೇಲೆ ಮತ್ತೆ ಒತ್ತಿ ನಿಲ್ಲಿಸಿ, ಆ ಭಾಗವನ್ನು ಪಕ್ಕದಲ್ಲಿ ಸೀಮೆಎಣ್ಣೆಯಿಂದ ತೊಳೆದು, ನಂಬರು ಬರೆದ ತಟ್ಟೆಯಲ್ಲಿ ಇಡುವುದು. ಜೋಡಿಸುವಾಗ ಕ್ಯಾಸೆಟ್ಟನ್ನು ಟಿ.ವಿ.ಯಲ್ಲಿ ಹಿಂದುಮುಂದಾಗಿ ನೋಡಿಕೊಂಡರಾಯಿತು. ಒಂದೂವರೆ ವರ್ಷದಲ್ಲಿ ಆ ಕ್ಯಾಮೆರಾದೊಳಗೆ ಒಬ್ಬ ಮನುಷ್ಯನ ಮುಖವೂ ಸೇರಿರಲಿಲ್ಲ. “ನನ್ನ ತಮ್ಮನಿಗೆ ಸ್ಕ್ರೂಗಳೇ ನೆಂಟರು” ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ನನ್ನ ಮಗಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಸೋಮವಾರ, ಮಾರ್ಚ್ ೧೪ರಂದು, ಬೆಳಿಗ್ಗೆ ಹತ್ತಕ್ಕೆ ಅವಳಿಗೆ ಅಧ್ಯಾಪಕಿಯಾಗಲು ಅರ್ಹತಾ ಪರೀಕ್ಷೆ. ವಯಸ್ಸಿನ ಮಿತಿಯಿಂದಾಗಿ ಅದೇ ಕೊನೆಯ ಅವಕಾಶ. ಹಿಂದಿನ ವರ್ಷ ಅವಳು ಹೇಳಿದ್ದನ್ನು ಬರೆಯಲು ಕುಳಿತಿದ್ದ ಮಹಾಶಯನು ತನಗೆ ತಿಳಿದದ್ದನ್ನು ಬರೆದುದರಿಂದ ನಾಲ್ಕು ಅಂಕಗಳಲ್ಲಿ ಹೋಗಿತ್ತು. ಈ ಬಾರಿ ಅವಳು ಹಟ ಹಿಡಿದು, ತನ್ನ ಯಂತ್ರದಲ್ಲಿ ತಾನೇ ಬರೆಯುವುದಾಗಿ ಅನುಮತಿ ಪಡೆದಿದ್ದಳು. ಬರೆದುಕೊಡುವವರು ಬೇಕೆಂದು ಕೇಳಿಕೊಳ್ಳುವ ಅವಧಿ ಫೆಬ್ರುವರಿ ೨೮ಕ್ಕೇ ಮುಗಿದಿತ್ತು. ಮಾರ್ಚ್ ೧೦ರ ಗುರುವಾರ ಯಂತ್ರ ಸ್ಟೂಲಿನಿಂದ ಬಿದ್ದಿತು. ನಾಲ್ಕನೆಯ ಚುಕ್ಕಿ ಕಾಗದದ ಮೇಲೆ ಮೂಡದಾಯಿತು. ಬ್ರೈಲ್ ಅಕ್ಷರವೆಂದರೆ ಆರು ಉಬ್ಬು ಚುಕ್ಕಿಗಳ ಜೋಡಣೆ; ಒಂದು ಚುಕ್ಕಿ ಹೋದರೆ ಬರಹವೆಲ್ಲ ಬೇರೆಯೇ ಅಕ್ಷರಗಳಾಗುತ್ತದೆ.

ರಿಬ್ಬನ್ ಇಂಥ ಯಂತ್ರವನ್ನು ಎಂದೂ ಬಿಚ್ಚಿರಲಿಲ್ಲ. ಆದರೂ ಶನಿವಾರ ಸಂಜೆಯೊಳಗೆ ಬಾಗಿದ್ದ ಸರಳನ್ನು ನೆಟ್ಟಗೆ ಮಾಡಿ, ಸವೆದ ಪಿನ್ನು ಬದಲಿಸಿ, ಜೋಡಣೆಯೊಂದೇ ಉಳಿಯಿತೆಂದು ಹೇಳಿ ಕಳುಹಿಸಿದನು.

ಭಾನುವಾರ ಹನ್ನೊಂದಕ್ಕೆ ನಾನು ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆನು. ಮೇಜಿನ ಮೇಲೆ ಹದಿನೇಳು ತಟ್ಟೆಗಳು, ನಡುವೆ ಯಂತ್ರದ ಬರಿಯ ಚೌಕಟ್ಟು. ಅವನು ಕ್ಯಾಮೆರಾದ ತಂತಿಗಳನ್ನು ಟಿ.ವಿ.ಗೆ ಸಿಕ್ಕಿಸಿ ಕ್ಯಾಸೆಟ್ಟನ್ನು ಓಡಿಸಿದನು.

ಮೊದಲು ಯಂತ್ರವು ಒಂದೂವರೆ ನಿಮಿಷ ಹಾಗೆಯೇ ನಿಂತಿತ್ತು. ಅನಂತರ ಮಸಿಯ ಕೈಯೊಂದು ಸ್ಕ್ರೂಡ್ರೈವರ್ ಹಿಡಿದು ಬಂದಿತು. ಬಂದೊಡನೆ ಚಿತ್ರ ತುಂಡಾಯಿತು. ಮರುಕ್ಷಣ ಅದೇ ಕೈ ಮೇಲಿನ ಮುಚ್ಚಳವನ್ನು ಹಿಡಿದು ಆಚೆಗೆ ಹೋಗುತ್ತಿತ್ತು. ಮತ್ತೆ ಎರಡು ನಿಮಿಷ ಮಿಸುಕಾಡದ ಯಂತ್ರ. ಮತ್ತೆ ಕೈ, ಮತ್ತೆ ಕತ್ತರಿ. ಕೈ ಬರುವುದಿತ್ತು, ಹೋಗುವುದಿತ್ತು; ಕೈ ಮಾಡಿದ್ದು ಮಾತ್ರ ಎಲ್ಲಿಯೂ ಇರಲಿಲ್ಲ.

ಆದದ್ದಿಷ್ಟು. ಕ್ಯಾಸೆಟ್ ಓಡುತ್ತದೆಯೋ ಎಂದು ನೋಡಲು ಮೊದಲು ಒಮ್ಮೆ ಗುಂಡಿ ಒತ್ತಿದವನು ಅದನ್ನು ನಿಲ್ಲಿಸುವುದನ್ನು ಮರೆತಿದ್ದನು. ಅಲ್ಲಿಂದ ಮುಂದೆ ಅವನು ಶುರುಮಾಡಲು ಗುಂಡಿ ಒತ್ತಿದಾಗಲೆಲ್ಲ ಕ್ಯಾಮೆರಾ ನಿಂತಿತು, ನಿಲ್ಲಿಸಲು ಒತ್ತಿದಾಗಲೆಲ್ಲ ಓಡಿತು. ಎಚ್ಚರಿಸಬೇಕಾಗಿದ್ದ ಕೆಂಪು ದೀಪದ ಮೇಲೆ, ಅದರ ಹೊಳಪು ಉಕ್ಕಿನ ಭಾಗಗಳಲ್ಲಿ ಪ್ರತಿಫಲಿಸುತ್ತದೆಂದು, ಅವನೇ ಕಪ್ಪು ಟೇಪು ಅಂಟಿಸಿದ್ದನು. ಶಬ್ದ ದಾಖಲಾಗುತ್ತದೆಂದು ‘ಪೀಂ’ ಎನ್ನುವುದನ್ನೂ ಬಂದ್ ಮಾಡಿದ್ದನು. ಬ್ಯಾಟರಿ ಉಳಿಸಲು ಪರದೆಯನ್ನು ಮಡಿಸಿದ್ದನು. ಅಚ್ಚುಕಟ್ಟು ಅವನಿಗೆ ಕೈಕೊಟ್ಟಿತ್ತು.

ನನಗೆ ನೋಟ್‌ಬುಕ್ಕಿನ ಮಾತೆತ್ತದೆ ಇರಲಾಗಲಿಲ್ಲ.

“ಈಗ ಅದನ್ನೆಲ್ಲ ಹೇಳಬೇಡಿ ಭಾವ” ಎಂದನು. “ನಾಳೆ ಅವಳು ಹಾಲ್‌ಗೆ ಏನು ತಗೊಂಡು ಹೋಗ್ಬೇಕು, ಈ ತಟ್ಟೆಗಳನ್ನಾ?”

ಮಗಳು ಅಷ್ಟು ಹೊತ್ತೂ ಟಿ.ವಿ.ಯ ಕಡೆ ಕಿವಿಯಿಟ್ಟು ಕುಳಿತಿದ್ದಳು. “ಮಾವ, ಅದರಲ್ಲಿ ಏನಿದೆ?” ಎಂದು ಕೇಳಿದಳು.

“ಏನೂ ಇಲ್ಲಮ್ಮ. ಹದಿನೇಳು ಸಲ ಖಾಲಿ ಮೇಜು.”

“ಮೇಜಿನ ಮೇಲೆ ಯಂತ್ರ ಇಲ್ವಾ?”

“ಇದೆ. ಸುಮ್ನೆ ನಿಂತಿದೆ.”

“ನಿಂತಿರೋದನ್ನೇ ಹೇಳು. ನೀನು ಹೇಗೆ ತೆಗೆದೆ ಅಂತ ನನಗೆ ಯಾಕೆ? ಪ್ರತಿ ಸಲ ಏನು ಉಳಿದಿತ್ತು ಅಂತ ಗೊತ್ತಾದ್ರೆ ಸಾಕಲ್ಲ. ಕೊನೇದರಿಂದ ಬಾ.”

ರಿಬ್ಬನ್ ಕ್ಯಾಸೆಟ್ಟನ್ನು ಕೊನೆಯವರೆಗೆ ಓಡಿಸಿದನು.

ಹನ್ನೊಂದೂ ಐವತ್ತಕ್ಕೆ ಕೆಲಸ ಆರಂಭವಾಯಿತು. ಮುಚ್ಚಳ ಕಳಚಿದ ಮೇಲಿನದನ್ನು ಒಂದನೆಯ ನೋಟವೆಂದು ಎಣಿಸಿದರೆ, ಹದಿನೇಳನೆಯ ನೋಟದಲ್ಲಿ ಬರಿಯ ಚೌಕಟ್ಟು, ಹದಿನಾರನೆಯದರಲ್ಲಿ ಅದರೊಳಗೊಂದು ಅಡ್ಡ ಸರಳು. ಹಾಗಾದರೆ ಹದಿನೇಳನೆಯ ತಟ್ಟೆಯ ಸರಳು ಅಲ್ಲಿಗೆ. ಅವನು ಪರದೆ ನೋಡಿ ಹೇಳುವನು, ಅವಳು ಬೆರಳಿನಿಂದ ಜಾಗ ಹುಡುಕುವಳು, ಅವನು ಸ್ಕ್ರೂ ತಿರುಗಿಸುವನು. ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಡುವುದು ನನ್ನ ಪಾಲಿಗೆ ಬಂತು. ಊಟದ ನೆನಪು ಯಾರಿಗೂ ಆಗಲಿಲ್ಲ.

ಮೂರೂ ಇಪ್ಪತ್ತಕ್ಕೆ ಎಂಟನೆಯ ನೋಟ ಬೇಕಾಯಿತು. ಆ ನೋಟದುದ್ದಕ್ಕೂ ರಿಬ್ಬನ್ ಕ್ಯಾಮೆರಾಕ್ಕೆ ಅಡ್ಡ ನಿಂತು ತಟ್ಟೆಗೆ ನಂಬರು ಬರೆಯುತ್ತಿದ್ದನು. ಕಾಣುತ್ತಿದ್ದುದು ಅವನ ಬೆನ್ನು, ಅಂಗಿಯ ಮೇಲೊಂದು ಎಣ್ಣೆಯ ಕಲೆ.

“ಮನುಷ್ಯರ ವಿಡಿಯೊ ತೆಗಿ, ತೆಗಿ ಅಂತ ಅಕ್ಕ ಹೇಳ್ತಾನೇ ಇದ್ಲು” ಎಂದನು. “ತೆಗೆದಾಯ್ತು.”

ಒಂಬತ್ತನೆಯ ತಟ್ಟೆಯಲ್ಲಿದ್ದುದು ಎರಡು ಸ್ಪ್ರಿಂಗು. ಒಂದು ನಾಲ್ಕನೆಯ ಕೀಲಿಯ ಅಡಿಗೆ, ಇನ್ನೊಂದು ಅಕ್ಷರಗಳ ನಡುವೆ ಜಾಗ ಬಿಡುವ ಪಟ್ಟಿಯ ಅಡಿಗೆ. ಯಾವುದು ಎಲ್ಲಿಗೆಂದು ಅವನಿಗೆ ನೆನಪಿರಲಿಲ್ಲ. ಕಣ್ಣಿಗೆ ಎರಡೂ ಒಂದೇ ಅಳತೆ. ಎರಡೂ ಎರಡು ಕಡೆಗೂ ಕೂಡುತ್ತಿದ್ದವು. ತಪ್ಪಿ ಕೂಡಿಸಿದರೆ ಒಂದೆರಡು ಪುಟ ಬರೆಯುವಷ್ಟರಲ್ಲಿ ಕೀಲಿ ಸಿಕ್ಕಿಕೊಂಡು ಪರೀಕ್ಷೆಯ ನಡುವೆಯೇ ನಿಂತುಬಿಡಬಹುದೆಂದು ಅವನೇ ಹೇಳಿದನು.

ಒಂದು ರೀತಿಯಲ್ಲಿ ಕೂಡಿಸಿ ಅವಳ ಮುಂದಿಟ್ಟನು. ಅವಳು ಬಲಗೈಯ ತೋರುಬೆರಳಿನಿಂದ ಕೀಲಿಯನ್ನು ಹತ್ತಿಪ್ಪತ್ತು ಸಲ ಒತ್ತಿದಳು. ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿದಳು. ಹನ್ನೊಂದು ವರ್ಷ ಬಳಸಿದ ಯಂತ್ರ.

“ಬದಲಾಯಿಸು ಮಾವ. ಬೆರಳು ಎತ್ತಿದ ಮೇಲೂ ಕೀಲಿ ಯೋಚನೆ ಮಾಡ್ತಾ ಇದೆ. ಅದು ಹಾಗಲ್ಲ, ತಕ್ಷಣ ಬರಬೇಕು.”

“ಖಂಡಿತಾನಾ? ಊಹೆ ಮಾಡಬೇಡ.”

“ನೀನು ನೋಡಿ ಊಹೆ ಮಾಡ್ತಿದ್ದೀಯ. ನಾನು ಮಾಡ್ತಿಲ್ಲ.”

ಬದಲಾಯಿಸಿದನು. ಅವಳು ಒತ್ತಿ ನೋಡಿ, ಮುಂದಿನ ತಟ್ಟೆಗೆ ಕೈಚಾಚಿದಳು. ಮುಚ್ಚಳ ಕೂತಾಗ ಗಂಟೆ ಐದೂ ನಲವತ್ತು. ಕಾಗದ ಹಾಕಿ ಎರಡು ಸಾಲು ಬರೆದು, ಬೆರಳಾಡಿಸಿ, “ನಾಲ್ಕನೇ ಚುಕ್ಕಿ ಬಂತು” ಎಂದಳು. ರಿಬ್ಬನ್ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದನು.

ಸೋಮವಾರ ಪರೀಕ್ಷೆಯ ಕೊಠಡಿಯ ಹೊರಗೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತೆವು. ಅವಳನ್ನು ಒಂಟಿಯಾಗಿ ಕೂರಿಸಿದ್ದರಿಂದ ಯಂತ್ರದ ಟಕಟಕ ಬಾಗಿಲಾಚೆಗೂ ಕೇಳುತ್ತಿತ್ತು. ಹನ್ನೊಂದೂ ಇಪ್ಪತ್ತಾರಕ್ಕೆ ಆ ಶಬ್ದ ನಿಂತಿತು. ರಿಬ್ಬನ್ ನನ್ನ ಮೊಣಕೈ ಹಿಡಿದನು. ನಾನು ಗಡಿಯಾರ ನೋಡುತ್ತ ಕುಳಿತೆನು. ನಾಲ್ಕು ನಿಮಿಷದ ಮೇಲೆ ಶಬ್ದ ಮತ್ತೆ ಆರಂಭವಾಗಿ, ಮಧ್ಯಾಹ್ನ ಒಂದು ಗಂಟೆಯವರೆಗೆ ನಡೆಯಿತು. ನಡುವೆ ಏಕೆ ನಿಲ್ಲಿಸಿದೆಯೆಂದು ಆಮೇಲೆ ಕೇಳಿದರೆ, ಪ್ರಶ್ನೆಯನ್ನು ಎರಡನೇ ಸಲ ಓದಿಸಿಕೊಳ್ಳುತ್ತಿದ್ದೆ ಎಂದಳು.

ಫಲಿತಾಂಶ ಮೇ ೩೦, ಸೋಮವಾರ ಬಂದಿತು. ಬೇಕಾಗಿದ್ದುದಕ್ಕಿಂತ ಹನ್ನೊಂದು ಅಂಕ ಹೆಚ್ಚು ಬಂದಿದ್ದವು. ಅವಳು ಅದೇ ವರ್ಷ ಜುಲೈ ೪ರಂದು ಕೆಲಸಕ್ಕೆ ಸೇರಿದಳು. ರಿಬ್ಬನ್ ಅದಾದ ಮೇಲೆ ಇನ್ನೂ ಐದು ಬ್ರೈಲ್ ಯಂತ್ರಗಳನ್ನು ರಿಪೇರಿ ಮಾಡಿದನು. ಕ್ಯಾಸೆಟ್ಟುಗಳು ಸಿಗದಾದ ಕಾರಣ ೨೦೧೧ರಲ್ಲಿ ಕ್ಯಾಮೆರಾ ಬಳಸುವುದನ್ನು ನಿಲ್ಲಿಸಿ, ೨೦೧೩ರ ಡಿಸೆಂಬರ್ ೩೧ರಂದು ಅಂಗಡಿ ಮುಚ್ಚಿದನು.