ಮಾಂಗಲ್ಯದ ಎರಡನೆಯ ಪಿನ್ನು

ನನ್ನ ಹೆಂಡತಿ ಅನುಸೂಯಾ ಹೆದರುಪುಕ್ಕಲಿ. ಹದಿನೆಂಟು ವರ್ಷಗಳಿಂದ ಇದನ್ನು ಎಲ್ಲರ ಮುಂದೆ ಹೇಳಿ ನಗುತ್ತಾ ಬಂದಿದ್ದೇನೆ. ಜಪಾನಿನ ಹಮಾಮತ್ಸುವಿನಲ್ಲಿದ್ದಾಗ ಕನ್ನಡದವರ ಯುಗಾದಿ ಊಟದಲ್ಲಿ ಹೇಳಿದ್ದೇನೆ, ಅವಳ ಅಣ್ಣಂದಿರೆದುರು ಹೇಳಿದ್ದೇನೆ, ಮಗಳ ಶಾಲೆಯ ಟೀಚರಿಗೆ ನನ್ನ ಹರಕು ಜಪಾನಿಯಲ್ಲೂ ಹೇಳಿದ್ದೇನೆ. ಮನೆಯಿಂದ ಹೊರಟು ನೂರು ಅಡಿ ಹೋಗುವಷ್ಟರಲ್ಲಿ, ಒಲೆ ಆರಿಸಿದಿರಾ, ಬೀಗ ಎಳೆದು ನೋಡಿದಿರಾ ಎಂದು ಕೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ. ನೋಡಿರುತ್ತೇನೋ ಇಲ್ಲವೋ, ಹೂಂ ಅಂತೂ ಅನ್ನುತ್ತೇನೆ. ಅವಳ ಮುಖ ಸಡಿಲವಾಗುತ್ತದೆ, ಇಬ್ಬರೂ ಮುಂದೆ ನಡೆಯುತ್ತೇವೆ. ಸಂಸಾರ ಸಾಗುವುದೇ ಹೀಗೆ ಎಂದು ನಾನು ತಿಳಿದಿದ್ದೆ.

ಈ ಹೆದರಿಕೆ ಅವಳಿಗೆ ತವರಿನಿಂದ ಬಂದ ಬಳುವಳಿ. ನನ್ನ ಮಾವ ವೆಂಕಟರಮಣ ನಂಜನಗೂಡಿನಲ್ಲಿ ಲೈನ್‌ಮನ್ ಆಗಿದ್ದವರು. ಅನುಸೂಯಾಗೆ ಒಂಬತ್ತು ವರ್ಷವಿದ್ದಾಗ ಒಂದು ದಿನ, ಕೆಳಗೆ ನಿಂತವನೊಬ್ಬ ಲೈನ್ ಆಫ್ ಆಗಿದೆ, ಹತ್ತಿ ಅಂದ. ಆಗಿರಲಿಲ್ಲ. ಮಾವ ಬದುಕಿ ಉಳಿದರು, ಬಲಗೈಯ ಎರಡು ಬೆರಳು ಹೋದವು. ಅಂಥ ಮನೆಯ ಹುಡುಗಿ ಹಟ ಹಿಡಿದು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದಳು. ಇಷ್ಟು ಪುಕ್ಕಲಿ ಆ ಕೆಲಸಕ್ಕೇ ಯಾಕೆ ಹೋದೆ ಎಂದು ಕೇಳಿದರೆ, ಹೆದರುವವರೇ ಹೋಗಬೇಕು ಎನ್ನುತ್ತಾಳೆ.

ಐದು ವರ್ಷದ ಹಿಂದೆ ಕಂಪನಿ ನನ್ನನ್ನು ಈ ಬೆಟ್ಟದ ಕಣಿವೆಯ ಕಾರ್ಖಾನೆಗೆ ಹಾಕಿತು. ಕಾರಿನ ಸೆನ್ಸರುಗಳನ್ನು ತಯಾರಿಸುವ ಕಾರ್ಖಾನೆ. ಅದರ ಹಿಂಬದಿಗೆ, ಸೇಬಿನ ತೋಟಗಳಾಚೆ, ವಿಮಾನ ನಿಲ್ದಾಣವಿದೆ. ಮೂರು ಕಡೆ ಹಿಮ ಹೊತ್ತ ಬೆಟ್ಟಗಳು, ನಡುವೆ ಎರಡು ಕಿಲೋಮೀಟರು ಉದ್ದದ ಒಂದೇ ಒಂದು ರನ್‌ವೇ. ದಿನಕ್ಕೆ ನಾಲ್ಕೈದು ವಿಮಾನ ಬಂದರೆ ಹೆಚ್ಚು. ಅದರಲ್ಲಿ ತೈಪೆಯಿಂದ ಬರುವ ಒಂದೇ ವಿಮಾನದ ಪುಣ್ಯದಿಂದ ಅದಕ್ಕೆ ಅಂತಾರಾಷ್ಟ್ರೀಯ ಎಂಬ ಬಿರುದು. ಇಲ್ಲಿ ವಿಮಾನ ನೇರವಾಗಿ ಬಂದು ಇಳಿಯುವ ಹಾಗಿಲ್ಲ. ಉತ್ತರದ ಸಂದಿನಿಂದ ಒಳಗೆ ಬಂದು, ಊರಿನ ಮೇಲೆ ಹೊರಳಿ, ರೆಕ್ಕೆ ಬೆಟ್ಟಕ್ಕೆ ತಾಗಿತೋ ಎನ್ನಿಸುವಂತೆ ತಿರುಗಿ ಇಳಿಯಬೇಕು. ಬೆಟ್ಟದ ನೆತ್ತಿಯಲ್ಲಿ ಗಾಳಿ ಅಳೆಯುವ ಕಂಬಗಳಿವೆ. ಚಳಿಗಾಲ ಹತ್ತಿರವಾದಂತೆ ಮಧ್ಯಾಹ್ನ ಮೂರರ ಹೊತ್ತಿಗೆ ಕಣಿವೆಯ ಗಾಳಿ ಏಳುತ್ತದೆ. ಆ ಕಂಬಗಳು ಬೇಡ ಅಂದರೆ ಬಂದ ವಿಮಾನ ಬಂದ ದಾರಿಯಲ್ಲೇ ವಾಪಸು ಹೋಗಬೇಕು.

ಅನುಸೂಯಾಗೆ ಅಲ್ಲಿ ಕೆಲಸ ಸಿಕ್ಕಿತು. ರನ್‌ವೇ ದೀಪಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಗುತ್ತಿಗೆ ಕಂಪನಿ, ವರ್ಷ ವರ್ಷಕ್ಕೆ ನವೀಕರಣ. ಅವಳ ಮೇಲಿನವರು ಮೊಮೊಸೆ-ಸಾನ್, ಅರವತ್ತರ ಹತ್ತಿರದ ಮನುಷ್ಯ. ಅವರು ಮೊದಲು ಕಲಿಸಿದ್ದು ಬೆರಳು ತೋರಿಸುವುದನ್ನು. ಇಲ್ಲಿಯ ಪದ್ಧತಿ ಅದು: ಯಾವುದನ್ನು ನೋಡಿದೆಯೋ ಅದಕ್ಕೆ ಕೈ ಚಾಚಿ ಬೆರಳು ತೋರಿಸಬೇಕು, ಸರಿಯಿದ್ದರೆ ಗಟ್ಟಿಯಾಗಿ ‘ಯೋಶಿ’ ಎನ್ನಬೇಕು. ಸ್ವಿಚ್ಚು, ಯೋಶಿ. ಮೊಳೆ, ಯೋಶಿ. ನಮ್ಮಲ್ಲಿ ಹೀಚುಕಾಯಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ ಎಂದು ಕೈಗೆ ಏಟು ಬೀಳುತ್ತಿತ್ತು. ಮೊದಲ ತಿಂಗಳು ಅವಳ ಬೆರಳು ಮೇಲೆ ಏಳುತ್ತಲೇ ಇರಲಿಲ್ಲವಂತೆ. ಆಮೇಲೆ ಮನೆಯಲ್ಲಿ ಸಾರಿನ ಪಾತ್ರೆಗೂ ಬೆರಳು ತೋರಿಸಿ ಯೋಶಿ ಎನ್ನತೊಡಗಿದಳು. ನಾನೂ ಮಗಳು ಪ್ರಣತಿಯೂ ಅವಳ ಹಿಂದೆ ನಿಂತು ಅಣಕಿಸುತ್ತಿದ್ದೆವು.

ಅಲ್ಲಿಯ ಇನ್ನೊಂದು ನಿಯಮ ಎಣಿಕೆ. ರನ್‌ವೇಗೆ ಒಯ್ಯುವ ಪ್ರತಿ ವಸ್ತುವನ್ನೂ ಹೋಗುವಾಗ ಬರೆಸಬೇಕು, ಬಂದಾಗ ಎಣಿಸಿ ಒಪ್ಪಿಸಬೇಕು. ಸ್ಪ್ಯಾನರ್ ಇಷ್ಟು, ಬಲ್ಬು ಇಷ್ಟು, ಪೆನ್ನು ಒಂದು. ಒಂದು ಸಣ್ಣ ಲೋಹದ ಚೂರು ಸಾಕು, ಇಳಿಯುವ ವಿಮಾನದ ಟೈರು ಸೀಳೀತು, ಎಂಜಿನ್ನಿನೊಳಗೆ ಹೋದೀತು. ಮೈಮೇಲಿನ ಒಡವೆಯನ್ನೂ ಬಿಚ್ಚಿಡಬೇಕು. ಅನುಸೂಯಾ ಉಂಗುರ ಬಿಚ್ಚಿದಳು, ಕಾಲುಂಗುರ ಬಿಚ್ಚಿದಳು, ಮಾಂಗಲ್ಯ ಮಾತ್ರ ಬಿಚ್ಚಲಾರೆ ಎಂದು ಕೈಮುಗಿದಳು. ಮೊಮೊಸೆ-ಸಾನ್ ಎರಡು ದಿನ ಯೋಚಿಸಿ, ಅದನ್ನು ಅಂಗಿಯೊಳಗೆ ಹಾಕಿ ಮೇಲಿನ ಗುಂಡಿಯವರೆಗೆ ಮುಚ್ಚಬೇಕೆಂದು ಹೇಳಿ ಪಟ್ಟಿಯಲ್ಲಿ ಬರೆಸಿದರು: ಸರ, ಒಂದು.

ಆ ಸರಕ್ಕೆ ಎರಡು ಪಿನ್ನು ಸಿಕ್ಕಿಸಿದ್ದವು. ನಮ್ಮ ಹೆಂಗಸರ ಮಾಂಗಲ್ಯದಲ್ಲಿ ಪಿನ್ನು ಇಲ್ಲದಿರುವುದುಂಟೇ? ಸೆರಗಿಗೆ, ಕಿತ್ತ ಗುಂಡಿಗೆ, ಮುಳ್ಳು ತೆಗೆಯಲು, ಯಾವುದಕ್ಕೆ ಬೇಕಾದರೂ ಕೈ ಅಲ್ಲಿಗೇ ಹೋಗುತ್ತದೆ. ನನ್ನ ಅಮ್ಮನಿಗೂ ಇತ್ತು, ಅವಳಮ್ಮನಿಗೂ ಇತ್ತು. ಅದು ಒಂದು ವಸ್ತು ಎಂದು ಯಾರಿಗೂ ಅನ್ನಿಸುವುದಿಲ್ಲ. ತಿರುಪು ಮೊಳೆಯನ್ನೂ ಮೂರು ಸಲ ಎಣಿಸುವ ನನ್ನ ಹೆಂಡತಿ ನಾಲ್ಕು ವರ್ಷ ಆ ಎರಡು ಪಿನ್ನುಗಳನ್ನು ಒಮ್ಮೆಯೂ ಎಣಿಸಲಿಲ್ಲ.

ಹೋದ ನವೆಂಬರಿನ ಒಂದು ಗುರುವಾರ, ಹನ್ನೆರಡರ ಹೊತ್ತಿಗೆ, ವಿಮಾನ ನೆಲ ಮುಟ್ಟುವ ಜಾಗದ ಅಂಚಿನಲ್ಲಿ ಅವಳು ಮೊಣಕಾಲೂರಿ ಎರಡು ದೀಪ ಬದಲಾಯಿಸಿದಳು. ಬಗ್ಗಿ ಕೆಲಸ ಮಾಡುವಾಗ ಅಂಗಿಯ ಮೇಲಿನ ಗುಂಡಿ ಕಿತ್ತುಬಂತು. ಗುಂಡಿಯನ್ನು ಹುಡುಕಿ ಜೇಬಿಗೆ ಹಾಕಿಕೊಂಡಳು. ವಾಪಸು ಬಂದು ಸಾಮಾನು ಎಣಿಸಿದರು, ಎಲ್ಲ ಸರಿ ಇತ್ತು, ಯೋಶಿ ಆಯಿತು. ಒಂದೂವರೆಗೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಂಗಿಗೆ ಪಿನ್ನು ಹಾಕೋಣವೆಂದು ಸರಕ್ಕೆ ಕೈ ಹಾಕಿದಳು. ಒಂದೇ ಇತ್ತು.

ಬೆಳಿಗ್ಗೆ ಪ್ರಣತಿಯ ಸ್ಕರ್ಟಿನ ಹುಕ್ಕು ಹೋಗಿತ್ತು, ಅದಕ್ಕೆ ಪಿನ್ನು ಹಾಕಿದ ನೆನಪು. ಹಾಕಿದ್ದು ಇವತ್ತೋ, ನಿನ್ನೆಯೋ? ಹಾಕಿ ಮತ್ತೆ ತೆಗೆದುಕೊಂಡೆನೋ? ಬೆಳಗಿನ ಗಡಿಬಿಡಿಯಲ್ಲಿ ಕೈ ಮಾಡಿದ ಕೆಲಸ ತಲೆಗೆ ತಿಳಿದಿರುವುದಿಲ್ಲ. ಶಾಲೆಗೆ ಫೋನು ಮಾಡಿದಳು. ಮಕ್ಕಳನ್ನು ಗುಡ್ಡ ಹತ್ತಿಸಲು ಕರೆದುಕೊಂಡು ಹೋಗಿದ್ದಾರೆ, ಸಂಜೆ ಬರುತ್ತಾರೆ ಅಂದರು. ತೈಪೆಯ ವಿಮಾನ ಎರಡೂ ಹತ್ತಕ್ಕೆ ಇಳಿಯುವುದಿತ್ತು. ಹೇಳಿದರೆ ರನ್‌ವೇ ಮುಚ್ಚುತ್ತಾರೆ, ಬೆಟ್ಟಗಳ ಮೇಲೆ ನೂರೈವತ್ತು ಜನರನ್ನು ಸುತ್ತಿಸುತ್ತಾರೆ, ಮಾರ್ಚಿನಲ್ಲಿ ಅವಳ ಗುತ್ತಿಗೆ ನವೀಕರಣವಾಗುವುದು ಸುಳ್ಳು. ಹೇಳದಿದ್ದರೆ, ಪಿನ್ನು ಅಲ್ಲಿದ್ದರೆ?

ಕಾರ್ಖಾನೆಯಲ್ಲಿ ನನಗೆ ಹತ್ತು ನಿಮಿಷದ ಬ್ರೇಕು. ಕಾಫಿ ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ, ಫೋನು ಬಂತು. ಅವಳು ಅಳುತ್ತಿದ್ದಳು. ಪಿನ್ನು ಒಂದು ಕಾಣುತ್ತಿಲ್ಲ, ರನ್‌ವೇಯಲ್ಲಿ ಬಿತ್ತೋ ಏನೋ, ಇನ್ನರ್ಧ ಗಂಟೆಗೆ ವಿಮಾನ ಎಂದಳು.

‘ರೀ, ಬೆಳಿಗ್ಗೆ ಪ್ರಣತಿ ಸ್ಕರ್ಟಿಗೆ ಪಿನ್ ಹಾಕಿದ್ನಾ? ನೀವು ನೋಡಿದ್ರಾ?’

‘ಹೂಂ, ಹಾಕಿದ್ಯಲ್ಲ,’ ಎಂದೆ.

‘ನಿಜವಾಗ್ಲೂ ನೋಡಿದ್ರಾ?’

‘ನೋಡ್ದೆ ಅಂತ ಹೇಳ್ತಿದೀನಲ್ಲ. ಟೆನ್ಷನ್ ಮಾಡ್ಕೋಬೇಡ, ಮುಖ ತೊಳ್ಕೊಂಡು ಊಟ ಮಾಡು.’

ಆ ಕಡೆ ಅಳು ನಿಂತಿತು. ಸದ್ಯ, ಎಂದುಕೊಂಡೆ.

‘ನೀವು ಆರಕ್ಕೆ ಮುಂಚೆ ಡ್ಯೂಟಿಗೆ ಹೋದ್ರಿ,’ ಎಂದಳು ಅನುಸೂಯಾ. ‘ಅವಳು ಎದ್ದಿದ್ದೇ ಏಳಕ್ಕೆ.’

ಫೋನು ಕಟ್ಟಾಯಿತು. ನಾನು ಮತ್ತೆ ಮಾಡಿದೆ, ಎತ್ತಲಿಲ್ಲ. ಕೆಲಸಕ್ಕೆ ವಾಪಸು ಹೋಗಿ ನಿಂತೆ, ಆದರೆ ಕೈ ಕೆಲಸದಲ್ಲಿರಲಿಲ್ಲ. ಎರಡು ಗಂಟೆಗೆ ವಿಮಾನದ ಸದ್ದು ಕೇಳಿಸಿತು. ದಿನಾ ಕೇಳುವ ಸದ್ದೇ. ದಿನಾ ಅದು ಹೊರಳುತ್ತದೆ, ತಗ್ಗುತ್ತದೆ, ನಿಲ್ಲುತ್ತದೆ. ಅವತ್ತು ತಗ್ಗಲಿಲ್ಲ. ಬೆಟ್ಟದ ಕಡೆ ಹೋಗಿ ಮತ್ತೆ ಬಂತು. ಐದು ನಿಮಿಷಕ್ಕೆ ಇನ್ನೊಂದು ಸಲ. ಅವಳು ಹೇಳಿಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾಯಿತು.

ಪಾಳಿ ಮುಗಿಯುವುದನ್ನೂ ಕಾಯದೆ, ಹೊಟ್ಟೆನೋವೆಂದು ಹೇಳಿ ಹೊರಗೆ ಬಂದೆ. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. ವಿಮಾನ ಕಾಣುತ್ತಿರಲಿಲ್ಲ, ಸದ್ದು ಮಾತ್ರ ನೆತ್ತಿಯ ಮೇಲೆ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಅದರಲ್ಲಿ ಎಣ್ಣೆ ಎಷ್ಟಿದೆ, ಮೋಡದೊಳಗೆ ಬೆಟ್ಟ ಎಷ್ಟು ದೂರದಲ್ಲಿದೆ, ನನಗೇನು ಗೊತ್ತು? ಎರಡು ಗಂಟೆಗೆ ಸಾಲುವಷ್ಟು ಎಣ್ಣೆ ಹೆಚ್ಚಿಗೆ ಇರುತ್ತದೆಂದು ಆಮೇಲೆ ತಿಳಿಯಿತು. ಆಗ ಮಾತ್ರ ಪ್ರತಿ ಸಲ ಸದ್ದು ಬೆಟ್ಟದ ಹಿಂದೆ ಮರೆಯಾದಾಗಲೂ ಅದು ಮರಳಿ ಬರುವವರೆಗೆ ಉಸಿರು ಬಿಡಲಿಲ್ಲ. ಸೇಬಿನ ತೋಟದ ಪಕ್ಕದ ಬೇಲಿಯವರೆಗೆ ಕಾರು ಓಡಿಸಿದೆ.

ರನ್‌ವೇಯ ಮೇಲೆ ಹದಿನೈದು ಜನ ಅಡ್ಡಲಾಗಿ ಸಾಲು ನಿಂತಿದ್ದರು. ಅಗ್ನಿಶಾಮಕದವರು, ಸಾಮಾನು ಹೊರುವವರು, ಟಿಕೆಟ್ ಕೌಂಟರಿನ ಸೂಟು ತೊಟ್ಟ ಹುಡುಗಿಯರೂ ಇದ್ದರು. ಎಲ್ಲರ ತಲೆ ಕೆಳಗೆ. ಒಂದು ಹೆಜ್ಜೆ, ನಿಲ್ಲುವುದು, ನೋಡುವುದು, ಇನ್ನೊಂದು ಹೆಜ್ಜೆ. ಸಾಲಿನ ತುದಿಯಲ್ಲಿದ್ದ ಕುಳ್ಳನೆಯ ಆಕೃತಿ ನನ್ನ ಹೆಂಡತಿ. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಇಡೀ ನಿಲ್ದಾಣದ ಕೆಲಸ ಅವಳೊಬ್ಬಳ ಕೊರಳಿನ ಪಿನ್ನಿಗಾಗಿ ನಿಂತಿತ್ತು, ಅದನ್ನು ಅವಳೇ ಹೋಗಿ ಹೇಳಿ ನಿಲ್ಲಿಸಿದ್ದಳು. ನಾನು ಬೇಲಿಯಾಚೆ ನಿಂತು, ಸಿಗಲಿ ಎಂದು ಬೇಡಿಕೊಳ್ಳಲೋ, ಸಿಗದಿರಲಿ ಎಂದು ಬೇಡಿಕೊಳ್ಳಲೋ ತಿಳಿಯದೆ, ನಂಜುಂಡೇಶ್ವರನ ಹೆಸರು ಮಾತ್ರ ಹೇಳುತ್ತಿದ್ದೆ.

ಅವರು ಅರ್ಧ ದಾರಿ ಬರುವಷ್ಟರಲ್ಲಿ ಗಾಳಿ ಎದ್ದಿತು. ಬಟ್ಟೆಯ ಗಾಳಿಚೀಲ ಕಂಬದ ಮೇಲೆ ಒಮ್ಮೆ ಹೊಡೆದುಕೊಂಡು ಸೆಟೆದು ನಿಂತಿತು. ಮೇಲಿನ ಸದ್ದು ಒಂದು ಸಲ ಹತ್ತಿರ ಬಂದು, ದಕ್ಷಿಣಕ್ಕೆ ತಿರುಗಿ ಸಣ್ಣದಾಗುತ್ತಾ ಹೋಯಿತು. ವಿಮಾನವನ್ನು ನಗೋಯಾಕ್ಕೆ ಕಳಿಸಿದ್ದರು. ಹುಡುಕುವವರು ಮಾತ್ರ ನಿಲ್ಲಿಸಲಿಲ್ಲ, ಕೊನೆಯ ಗೆರೆಯವರೆಗೂ ನಡೆದರು. ಪಿನ್ನು ಸಿಗಲಿಲ್ಲ.

ವರದಿ ಬರೆದುಕೊಟ್ಟು ಅವಳು ಹೊರಗೆ ಬಂದಾಗ ಐದು ಗಂಟೆ. ಮೊಮೊಸೆ-ಸಾನ್ ಕಾರಿನವರೆಗೂ ಬಂದರು. ಗುತ್ತಿಗೆಯ ಮಾತು ಅವರ ಕೈಯಲ್ಲಿಲ್ಲ ಎಂದರು. ಆಮೇಲೆ ನನಗೆ ತಲೆ ಬಾಗಿಸಿ, ಹೆಂಡತಿ ಸರಿಯಾದ ಹೊತ್ತಿಗೆ ಹೇಳಿದರು, ಮನೆಯವರಿಗೂ ಅರಿಗಾತೋ, ಧನ್ಯವಾದ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೇರೆ ಕಡೆ ನೋಡಿದೆ. ಫೋನಿನಲ್ಲಿ ನಾನು ಹೇಳಿದ್ದನ್ನು ಅವಳು ಅವರಿಗೆ ಹೇಳಿರಲಿಲ್ಲ. ದಾರಿಯಲ್ಲಿ ನನ್ನೊಡನೆಯೂ ಆ ಮಾತು ಎತ್ತಲಿಲ್ಲ.

ಪ್ರಣತಿ ಬಂದಾಗ ಅನುಸೂಯಾ ಬಾಗಿಲಲ್ಲೇ ಅವಳ ಸೊಂಟಕ್ಕೆ ಕೈ ಹಾಕಿದಳು. ‘ಮಾರ್ನಿಂಗ್ ಯೂ ಪುಟ್ ಇಟ್, ಅಮ್ಮ. ವಾಟ್ ಹ್ಯಾಪನ್ಡ್?’ ಎಂದಳು ಮಗಳು. ಪಿನ್ನು ಸ್ಕರ್ಟಿನಲ್ಲೇ ಇತ್ತು.

ಅನುಸೂಯಾ ನಿಂತ ಕಾಲಲ್ಲೇ ಮೊಮೊಸೆ-ಸಾನ್‌ಗೆ ಫೋನು ಮಾಡಿದಳು. ಎದುರಿಗಿಲ್ಲದ ಮನುಷ್ಯನಿಗೆ ಸೊಂಟ ಬಗ್ಗಿಸಿ ಬಗ್ಗಿಸಿ ಸುಮಿಮಾಸೆನ್, ಕ್ಷಮಿಸಿ ಎಂದಳು. ಫೋನಿಟ್ಟು ಕುರ್ಚಿಯಲ್ಲಿ ಕುಸಿದಳು. ಮಗಳು ಅವಳ ಭುಜ ಹಿಡಿದು ನಿಂತಿದ್ದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಹಳೇ ಚಾಳಿ, ನಗು ಬಂತು.

‘ನಾನು ಹೇಳ್ಲಿಲ್ವಾ, ಸ್ಕರ್ಟಿಗೇ ಹಾಕಿದೀಯ ಅಂತ? ನನ್ ಮಾತು ಕೇಳಿದ್ದಿದ್ರೆ ಇಷ್ಟೆಲ್ಲಾ ರಾಮಾಯಣ ಆಗ್ತಿರ್ಲಿಲ್ಲ.’

‘ನೀವು ಹೇಳಿದ್ದು ನಿಜಾನೇ ಆಯ್ತು,’ ಎಂದಳು. ‘ಆದ್ರೆ ನಿಮಗೆ ಗೊತ್ತಿರ್ಲಿಲ್ಲ.’

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಆ ಫ್ಲೈಟಲ್ಲಿ ಪ್ರಣತಿ ಇದ್ದಿದ್ರೆ? ಆಗ್ಲೂ ಹೂಂ ಅಂತಿದ್ರಾ?’

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಬ್ರೇಕಿನ ಹತ್ತು ನಿಮಿಷ ಕಣ್ಣ ಮುಂದೆ ಬಂತು. ಅವಳು ಅಳುತ್ತಿದ್ದಳು, ನನಗೆ ಆ ಅಳು ನಿಲ್ಲಬೇಕಿತ್ತು, ಅಷ್ಟೇ. ವಿಮಾನದಲ್ಲಿ ಯಾರಿದ್ದಾರೆ ಎಂಬ ಯೋಚನೆ ನನಗೆ ಬಂದೇ ಇರಲಿಲ್ಲ. ನನ್ನ ಬಾಯಿಂದ ಏನು ಹೊರಡುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಾಗಿ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಆ ಹೊತ್ತಿನಲ್ಲಿ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

‘ಅಂತಿದ್ದೆ,’ ಎಂದೆ.

ಅನುಸೂಯಾ ಬಯ್ಯಲಿಲ್ಲ, ಅಳಲಿಲ್ಲ. ಪಕ್ಕದಲ್ಲಿದ್ದ ಪ್ರಣತಿಯ ಕೈ ಹಿಡಿದು, ನನ್ನಿಂದ ಆಚೆಗೆ, ತನ್ನ ಮಗ್ಗುಲಿಗೆ ಎಳೆದುಕೊಂಡಳು.